ಹೊತ್ತು ಮುಳುಗದ ಊರಿನಲ್ಲಿ ಅತ್ತೆಯ ಊಟ

ಮೊನ್ನೆ ಅಥಣಿಯಿಂದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿದ್ದರು. ಬರುವ ಬೇಸಿಗೆಯಲ್ಲಿ ಗಂಡನೊಡನೆ ಪೋರ್ಚುಗಲ್ ನೋಡಲು ಹೊರಟಿದ್ದಾರಂತೆ. “ನೀವು ಹೋಗಿ ಬಂದೀರಲ್ರಿ, ಏನ್ ನೋಡಬೇಕು, ಏನ್ ತಿನ್ನಬೇಕು, ಸ್ವಲ್ಪ ಹೇಳ್ರಿ” ಎಂದರು. ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಸ್ವಲ್ಪ ಹೇಳಿ ಎಂದರೆ ಇಡೀ ಪೀರಿಯಡ್ಡು ತೆಗೆದುಕೊಳ್ಳುವುದು ನಮ್ಮ ವೃತ್ತಿಗೇ ಅಂಟಿದ ಚಟ. ಅಂದು ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ನನ್ನ ಮಾತು ಮುಗಿದಿರಲಿಲ್ಲ. ಆಮೇಲೆ ಯೋಚಿಸಿದರೆ, ನಾನು ಅವರಿಗೆ ಊರುಗಳ ವಿಷಯ ಹೇಳಿದ್ದಕ್ಕಿಂತ ನಮ್ಮ ಅತ್ತೆಯ ವಿಷಯ ಹೇಳಿದ್ದೇ ಹೆಚ್ಚು. ಅದನ್ನೇ ಇಲ್ಲಿ ಸಾವಕಾಶವಾಗಿ ಬರೆಯುತ್ತೇನೆ. ಹೋಗುವವರಿಗೆ ಉಪಯೋಗಕ್ಕೂ ಬಂದೀತು.

ಅತ್ತೆ ಭೋಜ ಗ್ರಾಮದ ಹೆಣ್ಣುಮಗಳು. ಜೈನರ ಮನೆಯಲ್ಲಿ ಹುಟ್ಟಿ, ಜೈನರ ಮನೆಗೆ ಬಂದವರು. ನಾವೂ ಅದೇ ಮತದವರೇ ಆದರೂ ನಮ್ಮದು ಹಬ್ಬಕ್ಕೊಮ್ಮೆ ನೆನಪಾಗುವ ಧರ್ಮ, ಅವರದು ಹೊತ್ತು ಹೊತ್ತಿನ ಧರ್ಮ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ನೆಲದೊಳಗೆ ಬೆಳೆಯುವ ಯಾವುದೂ ನಡೆಯದು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಅಡುಗೆಮನೆ ಸಂಜೆ ಆರೂವರೆಗೆ ಬಾಗಿಲು ಹಾಕಿಕೊಳ್ಳುತ್ತದೆ. ಗೋಡೆಯ ಗಡಿಯಾರದಲ್ಲಿ ಮುಳ್ಳು ಅಲ್ಲಿಗೆ ಬಂದರೆ ಅತ್ತೆ ಕೈ ತೊಳೆದಾಗಿರುತ್ತದೆ.

ಇಂಥವರು ಪೋರ್ಚುಗಲ್‌ಗೆ ಹೋದದ್ದು ಮಗಳಿಗಾಗಿ. ನನ್ನ ನಾದಿನಿ ಪೋರ್ಟೊ ಎಂಬ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸು. ಅಲ್ಲಿಯೇ ಒಬ್ಬನನ್ನು ಮದುವೆಯಾದಳು. ಆದ ಮೇಲೆ ಫೋನು ಮಾಡಿ ಹೇಳಿದಳು. ಹುಡುಗ ಆ ಊರಿನ ಸಿಟಿ ಬಸ್ಸಿನ ಡ್ರೈವರ್. ನಮ್ಮ ಬಳಗದಲ್ಲಿ ಬಹಳ ದಿನ ಇದೇ ಮಾತು. ಕುಡಚಿಯಲ್ಲಿರುವ ಚಿಕ್ಕಮಾವನಂತೂ, “ಡ್ರೈವರ್‌ನ್ನ ಮಾಡಿಕೊಳ್ಳಾಕ ಅಷ್ಟು ದೂರ ಯಾಕ ಹೋಗಬೇಕಿತ್ತು? ಚಿಕ್ಕೋಡಿ ಡಿಪೋದಾಗ ಏನ್ ಕಡಿಮಿ ಅದಾರ?” ಎಂದು ಎಲ್ಲ ಲಗ್ನಗಳಲ್ಲೂ ಹೇಳಿ ನಗಿಸುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ಅವರಿಗೆ ಡ್ರೈವರ್‌ನ ಚಿಂತೆಯಿರಲಿಲ್ಲ, ಜಾತಿಯ ಮಾತನ್ನೂ ಹೆಚ್ಚು ಆಡಲಿಲ್ಲ. ಇದ್ದ ಒಬ್ಬ ಮಗಳ ತಲೆಯ ಮೇಲೆ ನಾಲ್ಕು ಅಕ್ಷತೆ ಹಾಕಲು ಸಿಗಲಿಲ್ಲವಲ್ಲ ಎಂಬುದೇ ಅವರ ಹೊಟ್ಟೆಯಲ್ಲಿ ಕುಳಿತ ಸಂಕಟ. ನಾದಿನಿ ನಡುವೆ ಒಮ್ಮೆ ಊರಿಗೆ ಬಂದಾಗಲೂ ಮಾತು ಅಡುಗೆ, ಹವೆ, ಮೊಣಕಾಲುಗಳಾಚೆ ಹೋಗಲಿಲ್ಲ.

ಕೊನೆಗೆ ನನ್ನ ಗಂಡನೇ ಟಿಕೀಟು ತೆಗೆಸಿದ. ತಾನು ಮಾತ್ರ ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರಗಳನ್ನು ಬಿಚ್ಚಿ ರಿಪೇರಿ ಮಾಡುವ ಕಾಲವೆಂದು ನೆಪ ಹೇಳಿ ನಮ್ಮಿಬ್ಬರನ್ನೇ ಅಟ್ಟಿದ. ಹೊರಡುವ ಮುನ್ನ ಅತ್ತೆ ಒಂದು ಕರಾರು ಹಾಕಿದರು.

“ಬರ್ತೀನಿ. ಆಕಿನ್ನ ನೋಡ್ತೀನಿ. ಆದ್ರ ಆಕಿ ಮನಿಯಾಗ ನೀರ ಸೈತ ಮುಟ್ಟಂಗಿಲ್ಲ. ಮೀನ ಬೇಯಿಸೋ ಮನಿ ಅದು.”

ಅದೇ ವಾರ ನಾದಿನಿ ನನಗೆ ಫೋನು ಮಾಡಿದಳು. “ವೈನಿ, ನೀವು ಹೆಂಗರ ಮಾಡ್ರಿ. ಅವ್ವ ನನ್ನ ಮನಿಯಾಗ ಒಂದು ತುತ್ತು ಉಂಡ್ರ ಸಾಕು. ಮತ್ತೇನೂ ಬ್ಯಾಡ” ಎಂದಳು. ಆಗಲಿ ಎಂದುಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ.

ಮೊದಲು ಇಳಿದದ್ದು ಲಿಸ್ಬನ್‌ನಲ್ಲಿ. ಹೋಗುವವರಿಗೆ ನನ್ನ ಮೊದಲ ಮಾತು ಕಾಲಿನದು. ನಿಪ್ಪಾಣಿಯಿಂದ ಹೊಸ ಕೊಲ್ಹಾಪುರಿ ಚಪ್ಪಲಿ ಕೊಂಡು ಮೆರೆಯಬೇಕೆಂದು ಹೋದವಳು ನಾನು. ಆ ಊರಿನ ಕಾಲುದಾರಿಗಳಿಗೆಲ್ಲ ಬಿಳಿಯ ಸಣ್ಣ ಕಲ್ಲು ಹಾಸಿದ್ದಾರೆ. ನಡುನಡುವೆ ಕರಿಯ ಕಲ್ಲಿನಲ್ಲಿ ಅಲೆ, ಬಳ್ಳಿ, ಹಡಗು, ರಂಗೋಲಿ ಹಾಕಿದ ಹಾಗೆ. ತಲೆಮಾರುಗಳ ಕಾಲು ಸವೆಸಿ ಆ ಕಲ್ಲು ಕನ್ನಡಿಯಾಗಿದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ಲಿಸ್ಬನ್‌ನಲ್ಲಿ ಹತ್ತಿರದ ಬೆಟ್ಟವೂ ನುಣ್ಣಗೇ. ತೊಗಲಿನ ಅಟ್ಟೆ ಅದರ ಮೇಲೆ ನಿಲ್ಲುವುದಿಲ್ಲ. ಮೊದಲ ಇಳಿಜಾರಿನಲ್ಲೇ ಕೂತು ಜಾರಿ ಬಂದೆ. ಅತ್ತೆ ರಬ್ಬರಿನ ಸಾದಾ ಚಪ್ಪಲಿಯಲ್ಲಿ ಗಟ್ಟಿಯಾಗಿ ನಿಂತುಕೊಂಡು, “ನೆಟ್ಟಗ ನಡಿ ಬೇ, ಮಂದಿ ನೋಡ್ತಾರ” ಎಂದರು. ಆದ್ದರಿಂದ ರಬ್ಬರ್ ಅಟ್ಟೆಯ ಬೂಟು ಹಾಕಿಕೊಳ್ಳಿ, ಮೆರೆಯುವುದನ್ನು ನಿಪ್ಪಾಣಿಯಲ್ಲೇ ಮುಗಿಸಿ ಹೋಗಿ.

ಎರಡನೆಯದು, ಅಂಗಡಿಯೊಳಗೆ ಕಾಲಿಡುವಾಗ ಮೊದಲು ನಮಸ್ಕಾರ ಹೇಳಬೇಕು. ಮುಂಜಾನೆಯಾದರೆ ‘ಬೊಂ ದಿಯಾ’, ಮಧ್ಯಾಹ್ನದ ಮೇಲೆ ‘ಬೋವಾ ತಾರ್ದ್’. ನೇರವಾಗಿ ಇದು ಕೊಡಿ, ಅದಕ್ಕೆಷ್ಟು ಎಂದು ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಒಂದು ನಮಸ್ಕಾರ ಬಿದ್ದರೆ ಸಾಕು, ದಾರಿ ತೋರಿಸಲು ಅಂಗಡಿ ಬಿಟ್ಟು ಬೀದಿಯವರೆಗೆ ಬರುತ್ತಾರೆ. ಅತ್ತೆ ಆ ಮಾತು ಕಲಿಯಲಿಲ್ಲ. ಎರಡೂ ಕೈ ಜೋಡಿಸಿ “ಜೈ ಜಿನೇಂದ್ರ” ಎನ್ನುತ್ತಿದ್ದರು. ಅವರಿಗೆ ನನಗಿಂತ ಹೆಚ್ಚು ಮರ್ಯಾದೆ ಸಿಕ್ಕಿತು.

ಆ ದೇಶದಲ್ಲಿ ಮುದುಕರಿಗೆ ಇರುವ ಮರ್ಯಾದೆಯನ್ನು ನಾನು ಇಲ್ಲಿ ಬಸ್ಸಿನಲ್ಲಿ ಓಡಾಡುವಾಗ ದಿನಾಲು ನೆನೆಯುತ್ತೇನೆ. ಹಳದಿ ಬಣ್ಣದ ಪುಟ್ಟ ಟ್ರಾಮುಗಳಿವೆ, ನಮ್ಮ ಹಳೆಯ ಟ್ರಂಕಿಗೆ ಗಾಲಿ ಹಚ್ಚಿದಂತೆ. ಗುಡ್ಡದ ಓಣಿಗಳಲ್ಲಿ ಮನೆಗಳ ಗೋಡೆಗೆ ಮೈ ತಿಕ್ಕುವಷ್ಟು ಹತ್ತಿರದಿಂದ ಏರುತ್ತವೆ. ಅತ್ತೆ ಹತ್ತಿದೊಡನೆ ಇಬ್ಬರು ಒಟ್ಟಿಗೇ ಎದ್ದು ಜಾಗ ಕೊಟ್ಟರು. ಇವರು ಕುಳಿತು ಸೆರಗು ಸರಿಮಾಡಿಕೊಳ್ಳುವವರೆಗೂ ಡ್ರೈವರ್ ಗಾಡಿ ಬಿಡಲಿಲ್ಲ. ಆದರೆ ಅದೇ ಟ್ರಾಮಿನಲ್ಲಿ ಜೇಬುಗಳ್ಳರೂ ಇರುತ್ತಾರೆ, ಅದಕ್ಕೆ ಮುಂಜಾನೆ ಬೇಗ ಹತ್ತಬೇಕು, ಚೀಲ ಮುಂದೆ ಹಿಡಿದಿರಬೇಕು. ಅತ್ತೆಯ ಪಾಸ್‌ಪೋರ್ಟು ಸೀರೆಯ ಒಳಗೆ ಹೊಲಿದುಕೊಂಡ ಚೀಲದಲ್ಲಿತ್ತು. ಅಲ್ಲಿಗೆ ಕೈ ಹಾಕುವ ಕಳ್ಳ ಯುರೋಪಿನಲ್ಲಿ ಇನ್ನೂ ಹುಟ್ಟಿಲ್ಲ.

ಇನ್ನು ಊಟ. ಇಲ್ಲಿಯೇ ನಮ್ಮ ಫಜೀತಿ ಸುರುವಾದದ್ದು.

ಪೋರ್ಚುಗಲ್‌ನಲ್ಲಿ ಊಟದ ಮನೆಗಳು ಮಧ್ಯಾಹ್ನ ಮೂರಕ್ಕೆ ಒಲೆ ಆರಿಸುತ್ತವೆ. ಮತ್ತೆ ಹಚ್ಚುವುದು ಸಂಜೆ ಏಳು, ಏಳೂವರೆಗೆ. ನಡುವೆ ಬೇಕರಿಗಳು ಮಾತ್ರ ತೆರೆದಿರುತ್ತವೆ. ಅತ್ತೆಯದು ಆರೂವರೆಯ ಗಡುವು. ಜೂನ್ ತಿಂಗಳು, ಸೂರ್ಯ ಮುಳುಗುವುದು ರಾತ್ರಿ ಒಂಬತ್ತಕ್ಕೆ. ಉತ್ತರಕ್ಕೆ ಹೋದಂತೆ ಬೇಸಿಗೆಯ ಹಗಲು ಉದ್ದವಾಗುತ್ತದೆ ಎಂದು ಎಷ್ಟೋ ವರ್ಷಗಳಿಂದ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಕಲಿಸಿದವಳು ನಾನೇ. ಆದರೂ ಅತ್ತೆಯ ಹೊಟ್ಟೆಗೂ ಭೂಮಿಯ ವಾಲಿಕೆಗೂ ಸಂಬಂಧವಿದೆಯೆಂದು ನನಗೆ ಹೊಳೆದಿರಲಿಲ್ಲ.

ಮೊದಲ ದಿನ ಸಂಜೆ ಏಳಕ್ಕೆ ಒಂದು ಊಟದ ಮನೆಯ ಬಾಗಿಲು ತೆರೆಯಿತು. ಬಿಸಿಲು ಇನ್ನೂ ಕಣ್ಣು ಕುಕ್ಕುತ್ತಿತ್ತು. ಅತ್ತೆ ಕೈಗಡಿಯಾರ ತೋರಿಸಿದರು. “ಹೊತ್ತು ಮೀರೇತಿ. ನೀ ಉಣ್ಣು.”

“ಅವ್ವಾರ, ಸೂರ್ಯ ನೋಡ್ರಿ ಎಲ್ಲಿ ಅದಾನ.”

“ಇದು ಯಾವ ಊರಿನ ಸೂರ್ಯನೋ ಏನೋ. ನನಗ ಆರೂವರಿ ಅಂದ್ರ ಆರೂವರಿ.”

ಅವರು ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಧ್ಯಾಹ್ನಕ್ಕೇ ಮುಗಿದಿತ್ತು. ನಾನು ಎದುರು ಕೂತು ಉಂಡೆ. ಎರಡನೆಯ ದಿನವೂ ಹಾಗೇ ಆಯಿತು. ಹಣ್ಣು, ಬ್ರೆಡ್ಡು, ಒಂದಿಷ್ಟು ಹಾಲು. ಎಪ್ಪತ್ತು ದಾಟಿದ ಜೀವ ಗುಡ್ಡ ಹತ್ತಿ ಇಳಿದು ಇಷ್ಟರ ಮೇಲೆ ಹೇಗಿರಬೇಕು?

ಆ ಸಂಜೆ ಎಂಟಕ್ಕೆ ನಾವು ಒಂದು ಎತ್ತರದ ಕಟ್ಟೆಯ ಮೇಲೆ ಕೂತಿದ್ದೆವು. ಲಿಸ್ಬನ್‌ನಲ್ಲಿ ಇಂಥ ಕಟ್ಟೆಗಳು ಬಹಳ. ಕೆಂಪು ಹೆಂಚಿನ ಮನೆಗಳೆಲ್ಲ ಕೆಳಗೆ, ಅದರಾಚೆ ಸಮುದ್ರದಷ್ಟು ಅಗಲದ ನದಿ. ದುಡ್ಡು ಕೊಟ್ಟು ಹತ್ತುವ ಗೋಪುರಗಳನ್ನು ಬಿಡಿ, ಈ ಕಟ್ಟೆಗಳ ಮೇಲೆ ಸಂಜೆ ಕಳೆಯಿರಿ. ಊರಿನ ಪ್ರೇಮಿಗಳು, ಮುದುಕರು, ಹಾಡುವವರು ಎಲ್ಲರೂ ಅಲ್ಲಿಗೇ ಬರುತ್ತಾರೆ. ಇಷ್ಟು ಚಂದದ ಜಾಗದಲ್ಲಿ ಕೂತು ನನಗೆ ಸಿಟ್ಟು ನೆತ್ತಿಗೇರಿತು.

“ಅವ್ವಾರ, ನಿಮ್ಮ ವ್ರತ ಗಡಿಯಾರದ್ದೋ, ಸೂರ್ಯಂದೋ? ನಿಮ್ಮ ಅಜ್ಜಿ ಕೈಯಾಗ ಗಡಿಯಾರ ಇತ್ತೇನ್ರಿ?”

ಅತ್ತೆ ನದಿಯ ಮೇಲಿನ ಬೆಳಕು ನೋಡಿದರು. ಆಮೇಲೆ ಅಂಗೈ ಬಿಚ್ಚಿ ಬೆಳಕಿಗೆ ಹಿಡಿದರು. ಅಂಗೈಯ ಗೆರೆಗಳು ಬರಿಗಣ್ಣಿಗೆ ಕಾಣುವಷ್ಟು ಬೆಳಕಿದ್ದರೆ ಹಗಲು ಎಂದು ಹಿಂದಿನವರು ಲೆಕ್ಕ ಹಾಕುತ್ತಿದ್ದರಂತೆ. ಗೆರೆಗಳು ಕಂಡವು, ಉಗುರಿನ ಸಂದಿಯ ಮಣ್ಣೂ ಕಂಡಿತು.

“ನಮ್ಮ ಅಜ್ಜಿ ಬಾಗಲದಾಗ ನಿಂತು ಹೊತ್ತು ನೋಡ್ತಿದ್ಲು” ಎಂದರು. “ಗಡಿಯಾರ ನಮ್ಮಪ್ಪ ತಂದಿದ್ದು.” ಎದ್ದು ಸೀರೆ ಕೊಡವಿದರು. “ನಡಿ, ಏನರ ತಿನ್ನೂಣು. ಹಸದೀನಿ.”

ಜೈನರೂ, ಶುದ್ಧ ಸಸ್ಯಾಹಾರಿಗಳೂ ಇದನ್ನು ಬರೆದಿಟ್ಟುಕೊಳ್ಳಿ. ಜೂನ್, ಜುಲೈಯಲ್ಲಿ ಹೋದರೆ ಹೊತ್ತು ಮುಳುಗುವ ಮೊದಲು ಊಟ ಮುಗಿಸುವುದು ಆ ದೇಶದಲ್ಲಿ ನಮ್ಮೂರಿಗಿಂತ ಸುಲಭ, ಬಾಗಿಲು ತೆರೆದೊಡನೆ ಮೊದಲ ಗಿರಾಕಿ ನೀವಾಗಬೇಕು ಅಷ್ಟೇ. ಆದರೆ ಏನು ತಿನ್ನುತ್ತೀರಿ ಎಂಬುದು ಬೇರೆ ಪ್ರಶ್ನೆ. ಸೊಪ್ಪಿನ ಸೂಪು ಹಸಿರಾಗಿ ನಿಷ್ಪಾಪಿಯ ಹಾಗೆ ಕಾಣುತ್ತದೆ, ಅದರೊಳಗೆ ಬಟಾಟಿ, ಉಳ್ಳಾಗಡ್ಡಿ ಅರೆದಿರುತ್ತಾರೆ, ಮೇಲೆ ಹಂದಿಯ ಮಾಂಸದ ಬಿಲ್ಲೆ. ಕಾಳಿನ ಪಲ್ಯದಲ್ಲೂ ಅದೇ ಇರಬಹುದು, ಕೇಳಿಯೇ ತಿನ್ನಿ. ಹೆಸರುವಾಸಿಯಾದ ಆ ಹಳದಿ ಮಿಠಾಯಿ, ಅಂಚು ಗರಿಗರಿಯಾಗಿ ಮೇಲೆ ಕಂದಿದ್ದು, ಮೊಟ್ಟೆಯ ಹಳದಿಯಿಂದಲೇ ಮಾಡಿದ್ದು. ನಾನು ತಿಂದೆ. ಅತ್ತೆ ಮುಖ ಆ ಕಡೆ ತಿರುಗಿಸಿ ಕುಳಿತಿದ್ದು ನನಗೆ ತಿನ್ನಲು ಬಿಡುವುದಕ್ಕೇ ಎಂದು ನನ್ನ ನಂಬಿಕೆ. ಅವರಿಗೆ ಹಿಡಿಸಿದ್ದು ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ, ಉಪ್ಪುನೀರಿನಲ್ಲಿ ನೆನೆಸಿದ ಹಳದಿ ಕಾಳು, ಆಲಿವ್ ಎಣ್ಣೆ, ಟೊಮ್ಯಾಟೊ, ಮತ್ತು ಚೆರ್ರಿ ಹಣ್ಣು. ಆ ರೊಟ್ಟಿಯನ್ನು ಮುರಿದು, “ನಮ್ಮ ರಾಯಬಾಗದ ಕಡೆಯವರು ಇದಕ್ಕಿಂತ ತೆಳ್ಳಗ ಬಡೀತಾರ” ಎಂದರು. ಮೆಚ್ಚಿಗೆಯೆಂದರೆ ಅವರ ಬಾಯಲ್ಲಿ ಇದೇ.

ಚೆರ್ರಿಯ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಲಿಸ್ಬನ್‌ನ ಹಳೆಯ ಓಣಿಗಳಲ್ಲಿ ನಕಾಶೆ ಮಡಚಿಟ್ಟು ದಾರಿ ತಪ್ಪಿ ತಿರುಗಾಡಿ. ಮೆಟ್ಟಿಲುಗಳು, ಒಬ್ಬರೇ ಹಾಯುವಷ್ಟು ಸಂದಿಗಳು, ತಲೆಯ ಮೇಲೆ ಒಣಹಾಕಿದ ಲುಂಗಿಯಗಲದ ಚಾದರಗಳು. ಜೂನ್ ತಿಂಗಳಲ್ಲಿ ಕಿಟಕಿ ಕಿಟಕಿಗೆ ಸಣ್ಣ ಕುಂಡದಲ್ಲಿ ಕಾಮಕಸ್ತೂರಿಯಂಥ ಗಿಡ ಇಡುತ್ತಾರೆ. ಅದನ್ನು ಮೂಗು ಹಚ್ಚಿ ಮೂಸಬಾರದು, ಮೂಸಿದರೆ ಬಾಡುತ್ತದಂತೆ. ಅಂಗೈಯಿಂದ ಮೆಲ್ಲಗೆ ಸವರಿ ಅಂಗೈಯನ್ನು ಮೂಸಬೇಕು. ಇದನ್ನು ನಮಗೆ ಕೈಸನ್ನೆಯಲ್ಲಿ ಕಲಿಸಿದ್ದು ಕಪ್ಪು ಬಟ್ಟೆ ಉಟ್ಟು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಒಬ್ಬ ಅಜ್ಜಿ. ಅಲ್ಲಿ ಗಂಡ ಸತ್ತ ಹಳೆಯ ಕಾಲದ ಹೆಂಗಸರು ಕಪ್ಪು ಉಡುತ್ತಾರೆ. ಅತ್ತೆಯ ಬರಿಯ ಹಣೆ ನೋಡಿ ಆಕೆಗೆ ಏನು ತಿಳಿಯಿತೋ, ಒಳಗಿನಿಂದ ಇನ್ನೊಂದು ಕುರ್ಚಿ ತಂದು ಪಕ್ಕಕ್ಕೆ ಹಾಕಿದಳು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಆಕೆ ಪೋರ್ಚುಗೀಸಿನಲ್ಲಿ, ಇವರು ಕನ್ನಡದಲ್ಲಿ, ಜಗಳವಿಲ್ಲದೆ. ಏಳುವಾಗ ಆಕೆ ಒಂದು ಬಟ್ಟಲು ಚೆರ್ರಿ ತಂದಳು. ಅತ್ತೆ ಒಂದೂ ಬಿಡದೆ ತಿಂದರು.

ಆ ಓಣಿ ದಾಟುವವರೆಗೆ ನಾನು ತಡೆದುಕೊಂಡೆ. ಆಮೇಲೆ ಆಗಲಿಲ್ಲ. “ಗುರ್ತ ಇಲ್ಲದಾಕಿ ಕೈಯಾಗಿಂದು ತಿಂದ್ರಿ. ಆಕಿ ಮನಿಯಾಗ ಮೀನ ಬೇಯಿಸಂಗಿಲ್ಲೇನು? ಮಗಳ ಕೈಯಾಗಿನ ನೀರು ಯಾಕ ಒಲ್ಲಿರಿ?”

ಅತ್ತೆ ನಡೆಯುವುದನ್ನು ನಿಲ್ಲಿಸದೆ ಹೇಳಿದರು, “ಈಕಿ ಮ್ಯಾಲ ನನಗ ಸಿಟ್ಟಿಲ್ಲಲಾ.”

ಇಷ್ಟು ವರ್ಷ ನಾವೆಲ್ಲ ಮೀನು, ಮತ, ಮಡಿ ಎಂದು ತಲೆ ಕೆಡಿಸಿಕೊಂಡಿದ್ದೆವು. ಒಳಗಿದ್ದದ್ದು ಇದು. ಅಂದು ನನಗೆ ಅವರ ಮೇಲೆ ಬಂದಷ್ಟು ಪ್ರೀತಿ ಹಿಂದೆ ಎಂದೂ ಬಂದಿರಲಿಲ್ಲ. ಸಿಟ್ಟೂ ಅಷ್ಟೇ ಬಂತು.

ಲಿಸ್ಬನ್‌ನಿಂದ ಪೋರ್ಟೊಗೆ ರೈಲಿನಲ್ಲೇ ಹೋಗಿ. ಎಡಗಡೆಯ ಕಿಟಕಿ ಹಿಡಿಯಿರಿ, ಅಲ್ಲಲ್ಲಿ ಸಮುದ್ರ ಕಾಣುತ್ತದೆ. ಊರೊಳಗಿನ ಹಳೆಯ ಸ್ಟೇಶನ್ನಿನ ಗೋಡೆಗಳನ್ನು ನೋಡದೆ ಹೊರಬೀಳಬೇಡಿ. ನೀಲಿ ಬಣ್ಣದ ಹಂಚುಗಳನ್ನು ಜೋಡಿಸಿ ಯುದ್ಧ, ಮೆರವಣಿಗೆ, ಒಕ್ಕಲುತನ ಎಲ್ಲವನ್ನೂ ಚಿತ್ರಿಸಿದ್ದಾರೆ. ಅಲ್ಲಿಯೇ ನಾದಿನಿಯೂ ಅವಳ ಗಂಡನೂ ಕಾದಿದ್ದರು. ಹುಡುಗ ಎತ್ತರದವನು, ಮುಂದಲೆಯ ಕೂದಲು ಸ್ವಲ್ಪ ಹಿಂದೆ ಸರಿದಿದೆ. ಬಗ್ಗಿ ಅತ್ತೆಯ ಕಾಲು ಮುಟ್ಟಿ, “ಬರ್ರಿ ಅವ್ವ” ಎಂದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಅತ್ತೆ ತಲೆಯ ಮೇಲೆ ಕೈ ಇಡಲಿಲ್ಲ, ಕಾಲನ್ನೂ ಹಿಂದೆ ತೆಗೆದುಕೊಳ್ಳಲಿಲ್ಲ.

ಅವರ ಮನೆ ನದಿಯ ಹತ್ತಿರದ ಒಂದು ಇಕ್ಕಟ್ಟಾದ ಓಣಿಯಲ್ಲಿ, ಹುಡುಗನ ಅಜ್ಜಿಯ ಕಾಲದಿಂದ ಬಾಡಿಗೆಗಿರುವ ಮನೆ. ನಾವಿಬ್ಬರು ಉಳಿದುಕೊಂಡದ್ದು ಬೇರೆ ಕೋಣೆಯಲ್ಲಿ. ಅತ್ತೆಯ ಕರಾರಿನಂತೆ ಮಗಳ ಮನೆಗೆ ಹೋಗುವುದು, ಕುರ್ಚಿಯ ಮೇಲೆ ಕೂಡುವುದು, ಬರುವುದು. ನಾದಿನಿ ಹೊಸ ಕುಕ್ಕರು, ಹೊಸ ಪಾತ್ರೆ ತಂದಿದ್ದಳು. ನಾವು ಬರುವ ಒಂದು ತಿಂಗಳ ಮೊದಲೇ ಮನೆಯಲ್ಲಿ ಮೀನು ನಿಲ್ಲಿಸಿದ್ದರು. ಹುಡುಗ ತನ್ನ ಸಾರ್ಡೀನ್ ಮೀನನ್ನು ಡಿಪೋದಲ್ಲೇ ತಿಂದು, ಕೈಗೆ ನಿಂಬೆಹಣ್ಣು ತಿಕ್ಕಿಕೊಂಡು ಮನೆಗೆ ಬರುತ್ತಿದ್ದ. ಅತ್ತೆ ಎಲ್ಲವನ್ನೂ ನೋಡಿದರು, ಕುರ್ಚಿ ಬಿಟ್ಟು ಏಳಲಿಲ್ಲ.

ಉಣ್ಣದಿರಲು ಅವರಿಗೆ ಒಳ್ಳೆಯ ನೆಪವೊಂದು ಸಿಕ್ಕಿತ್ತು. ಮಧ್ಯಾಹ್ನ ನಾದಿನಿ ಕೆಲಸದಲ್ಲಿರುತ್ತಾಳೆ. “ಮಗಳಿಲ್ಲದ ಮನಿಯಾಗ ಹೆಂಗ ಉಣ್ಣೂದು?” ಎನ್ನುವರು. ಅವಳು ಮನೆಗೆ ಬಂದು ಕೈಕಾಲು ತೊಳೆದು ಒಲೆ ಹಚ್ಚುವಾಗ ಏಳು ದಾಟಿರುತ್ತದೆ. ಆಕಾಶದಲ್ಲಿ ಬೆಳಕು ಬೇಕಾದಷ್ಟಿರುತ್ತದೆ, ಆದರೆ ಆ ಓಣಿಗೆ ಬಿಸಿಲು ಬೇಗ ಬೆನ್ನು ತೋರಿಸುತ್ತದೆ. ಎದುರಿನ ಎತ್ತರದ ಮನೆಗಳ ನೆರಳು ಬಿದ್ದು ಒಳಗೆ ದೀಪ ಹಚ್ಚಬೇಕಾಗುತ್ತದೆ. ಅತ್ತೆ ಕಿಟಕಿಯಿಂದ ಇಣುಕಿ, “ಹೊತ್ತು ಮುಣಗೇತಿ ನೋಡು” ಎನ್ನುವರು. ಗಡಿಯಾರ ಬಿಟ್ಟು ಸೂರ್ಯನನ್ನು ಹಿಡಿಯಿರಿ ಎಂದು ಕಲಿಸಿದವಳು ನಾನೇ. ಈಗ ಅದೇ ಪಾಠ ನನ್ನ ತಲೆಗೇ ಹೊಡೆಯಿತು.

ಹೀಗೆ ದಿನಗಳು ಹೋದವು. ಹಗಲೆಲ್ಲ ನಾವಿಬ್ಬರು ಊರು ತಿರುಗುತ್ತಿದ್ದೆವು. ಪೋರ್ಟೊದಲ್ಲಿ ದೊಡ್ಡ ಮಾರ್ಕೆಟ್ಟಿಗೆ ಮುಂಜಾನೆಯೇ ಹೋಗಬೇಕು. ಅಲ್ಲಿ ಎಲೆಕೋಸಿನ ಜಾತಿಯ ಕಡು ಹಸಿರು ಸೊಪ್ಪನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ಕೊಡುತ್ತಾರೆ. ಅತ್ತೆ ಅಲ್ಲಿ ನಿಂತರೆ ಕದಲುತ್ತಿರಲಿಲ್ಲ. ಎತ್ತರದ ಕಬ್ಬಿಣದ ಸೇತುವೆಯನ್ನು ಕಾಲ್ನಡಿಗೆಯಲ್ಲೇ ದಾಟಬೇಕು, ಕೆಳಗೆ ನೋಡಲು ಎದೆ ಬೇಕು. ನಾನು ಕಣ್ಣು ಮುಚ್ಚಿಕೊಂಡು ಅತ್ತೆಯ ಕೈ ಹಿಡಿದು ದಾಟಿದೆ. ಭಾನುವಾರ ನಾದಿನಿಗೆ ರಜೆ, ಆ ಮಧ್ಯಾಹ್ನವಾದರೂ ಮನೆಯಲ್ಲಿ ಉಣ್ಣಬಹುದೆಂದು ನಾನು ಲೆಕ್ಕ ಹಾಕಿದ್ದೆ. ಅತ್ತೆ ಅದನ್ನು ಮೊದಲೇ ಮೂಸಿದ್ದರು. “ಐತವಾರ ದೋಣಿಯಾಗ ಹೋಗೂಣು. ದಿನಪೂರ್ತಿ ನದಿ ತೋರಸ್ತಾರಂತ” ಎಂದು ತಾವಾಗಿಯೇ ಹಟ ಹಿಡಿದರು. ಸೋಮವಾರ ನಮ್ಮ ವಿಮಾನ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಅತ್ತೆ ಎರಡನ್ನೂ ಬಲ್ಲವರು, ಆದ್ದರಿಂದ ಅವರೊಡನೆ ಜಗಳವಾಡಲೂ ಬರುವುದಿಲ್ಲ.

ಶನಿವಾರ ಸಂಜೆ ನಾದಿನಿ ಓಡಿಕೊಂಡೇ ಬಂದಳು. ಮಾರ್ಕೆಟ್ಟಿನ ಆ ಹಸಿರು ಸೊಪ್ಪಿಗೆ ಹೆಸರುಬೇಳೆ ಹಾಕಿ ಪಲ್ಯ ಮಾಡಿದಳು, ಚಪಾತಿ ಮಾಡಿದಳು. ಅವಳು ತಾಟು ಇಡುವಾಗ ಎಂಟು ಗಂಟೆ. ಅತ್ತೆ ಕಿಟಕಿಯ ಕಡೆ ನೋಡಿದರು. ಓಣಿ ಕತ್ತಲಾಗಿತ್ತು.

“ಮುಣಗೇತಿ ಬೇ. ನೀವು ಉಣ್ರಿ.”

ನಾದಿನಿ ಇಟ್ಟ ತಾಟನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಅವಳ ಬೆನ್ನು ನೋಡಲಾಗಲಿಲ್ಲ. ಹುಡುಗ ನನ್ನ ಮುಖ ನೋಡಿದ. ನನಗೆ ಬರುವ ಇಂಗ್ಲಿಷಿನಲ್ಲಿ, ಸೂರ್ಯ ಹೋಗಿದ್ದಾನಂತೆ, ಅದಕ್ಕೇ ಉಣ್ಣುವುದಿಲ್ಲವಂತೆ ಎಂದೆ.

“ಹೋಗಿಲ್ಲ” ಎಂದ. “ನಾನು ಸಂಜೆಯ ಪಾಳಿಯಲ್ಲಿ ಬಸ್ಸು ಓಡಿಸಿದವನು. ಗುಡ್ಡದ ಮೇಲಿನ ತೋಟದ ತಿರುವಿನಲ್ಲಿ ಈ ತಿಂಗಳು ಒಂಬತ್ತರವರೆಗೂ ಬಿಸಿಲು ಕಣ್ಣಿಗೇ ಹೊಡೆಯುತ್ತದೆ.”

ಅಷ್ಟು ಹೇಳಿ ಅಡುಗೆಮನೆಗೆ ಹೋದ. ಪಲ್ಯದ ಪಾತ್ರೆಗೆ ಮುಚ್ಚಳ ಹಾಕಿ ಟವೆಲ್ಲಿನಲ್ಲಿ ಗಂಟು ಕಟ್ಟಿದ. ಚಪಾತಿ ಡಬ್ಬಿ, ತಾಟು, ಒಂದು ಬಾಟಲಿ ನೀರು ಚೀಲಕ್ಕೆ ಹಾಕಿದ. ಅತ್ತೆಯ ಮುಂದೆ ಬಂದು ಕೈ ನೀಡಿದ. “ಬರ್ರಿ ಅವ್ವ.”

ಅತ್ತೆ ನನ್ನನ್ನು ನೋಡಿದರು. ನಾನು ಬೇಕೆಂದೇ ಚಪ್ಪಲಿ ಹುಡುಕುತ್ತ ಬಗ್ಗಿದೆ.

ಓಣಿಯ ತುದಿಯಲ್ಲೇ ಬಸ್ಸು ಸಿಕ್ಕಿತು. ಅವನ ಗೆಳೆಯನೇ ಡ್ರೈವರ್, ಕೈಯೆತ್ತಿದ್ದಕ್ಕೆ ನಿಲ್ಲಿಸಿದ. ನಾದಿನಿ ಬಿಸಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮೆಂತೆ ಒಗ್ಗರಣೆಯ ವಾಸನೆ ಬಸ್ಸಿಗೆಲ್ಲ ಹರಡಿ ಮಂದಿ ತಿರುಗಿ ನೋಡಿದರು. ಹುಡುಗ ಕೂಡಲಿಲ್ಲ. ಮುಂದೆ ನಿಂತು, ಗೆಳೆಯನಿಗೆ ಬೇಗ ಬೇಗ ಎನ್ನುತ್ತಿದ್ದ, ಭಾಷೆ ಬಾರದಿದ್ದರೂ ನನಗದು ತಿಳಿಯಿತು. ಬಸ್ಸು ಏರುತ್ತ ಏರುತ್ತ ಹೋದಂತೆ ಮನೆಗಳು ಗಿಡ್ಡಾದವು. ಒಂದು ತಿರುವಿನಲ್ಲಿ ಬೆಳಕು ಒಮ್ಮೆಲೇ ಒಳಗೆ ನುಗ್ಗಿತು. ಅತ್ತೆ ಕಣ್ಣಿಗೆ ಸೆರಗು ಅಡ್ಡ ಹಿಡಿದರು.

ಪೋರ್ಟೊಗೆ ಹೋಗುವವರು ಆ ತೋಟಕ್ಕೆ ಸಂಜೆಯೇ ಹೋಗಿ. ನದಿ ಸಮುದ್ರ ಸೇರುವ ಕಡೆಗೆ ಮುಖ ಮಾಡಿ ಕಲ್ಲಿನ ಬೆಂಚುಗಳಿವೆ, ಗಂಡು ನವಿಲುಗಳು ಕಾಲ ಬಳಿಯೇ ಓಡಾಡುತ್ತವೆ. ಸೂರ್ಯ ನೀರಿನ ಮೇಲೆ ಇನ್ನೂ ಎರಡು ಗೇಣು ಎತ್ತರದಲ್ಲಿದ್ದ. ಹುಡುಗ ಬೆಂಚಿನ ಮೇಲೆ ಟವೆಲ್ಲು ಹಾಸಿದ. ನಾದಿನಿ ತಾಟು ಇಟ್ಟಳು, ಬಡಿಸಿದಳು. ಒಂದು ಚಪಾತಿ ಬಡಿಸುವ ಕಡೆ ಎರಡು ಬಿತ್ತು.

ಅತ್ತೆ ಸೂರ್ಯನನ್ನು ನೋಡಿದರು, ತಾಟನ್ನು ನೋಡಿದರು. ಚಪಾತಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟರು. ಮೆಲ್ಲಗೆ, ಎಂದಿನಂತೆ ಎಲ್ಲವನ್ನೂ ಉಂಡರು. ಹುಡುಗ ಬಾಟಲಿಯ ಮುಚ್ಚಳ ತೆಗೆದು ಕೊಟ್ಟ. ಅವರ ಮನೆಯ ನಳದ ನೀರು ಅದು. ಅತ್ತೆ ಸೆರಗಿನ ತುದಿಯನ್ನು ಬಾಟಲಿಯ ಬಾಯಿಗೆ ಹಿಡಿದು, ನಮ್ಮವರ ರೂಢಿಯಂತೆ ಸೋಸಿಕೊಂಡು ಕುಡಿದರು. ಆಮೇಲೆ ಬಾಟಲಿಯನ್ನು ಅವನ ಕೈಗೇ ವಾಪಸು ಕೊಟ್ಟರು.

ಸೂರ್ಯ ನೀರು ಮುಟ್ಟುವುದನ್ನು ನಾಲ್ವರೂ ನೋಡಿದೆವು. ತೋಟದ ಕಾವಲಿನವನು ಬಾಗಿಲು ಹಾಕುವ ಹೊತ್ತಾಯಿತೆಂದು ಸೀಟಿ ಊದಿದ. ನಾದಿನಿ ತಾಟು ಎತ್ತಿಡುತ್ತಿದ್ದಳು. ನಾನು ಏಳಲು ಕೈ ಕೊಟ್ಟಾಗ ಅತ್ತೆ ನನ್ನ ಕೈ ಹಿಡಿಯದೆ ಮಗಳ ಹೆಗಲ ಮೇಲೆ ಭಾರ ಹಾಕಿ ಎದ್ದರು.

“ನಾಳಿ ದೋಣಿ ಬ್ಯಾಡ” ಎಂದರು. “ಮಧ್ಯಾಹ್ನ ಮನಿಯಾಗ ಮಾಡು. ಮತ್ತ ಇಷ್ಟು ಮ್ಯಾಲ ಬರಾಕ ನನ್ನ ಮೊಣಕಾಲ ಕೇಳಂಗಿಲ್ಲ.”

ನಾದಿನಿ ಅವ್ವನ ಹೆಗಲಿಗೆ ಮುಖ ಒತ್ತಿ ನಿಂತುಬಿಟ್ಟಳು. ಏನಾಯಿತೆಂದು ಹುಡುಗ ನನ್ನನ್ನು ಕೇಳಿದ. ನಾಳೆ ನಿಮ್ಮ ಮನೆಯಲ್ಲಿ ನಾಲ್ವರಿಗೆ ಅಡುಗೆ ಎಂದೆ.